ತುಂಬಿದ ಪ್ಯಾನ್ ಇಳಿಸಿ ಬಂದವನು

ಮಾಳು ಪೂಜಾರಿ ಎಂದು ಕೇಳಿದರೆ ನಮ್ಮ ಕಾರ್ಖಾನೆಯ ಗೇಟಿನಲ್ಲಿ ಯಾರೂ ಗುರುತು ಹಿಡಿಯುತ್ತಿರಲಿಲ್ಲ. ಪ್ಯಾನ್ ಮಾಳು ಎನ್ನಬೇಕಿತ್ತು. ಕಾರ್ಖಾನೆಯ ಹೆಸರು ಹೇಳುವುದಿಲ್ಲ. ರಾಯಬಾಗ, ಅಥಣಿ, ಚಿಕ್ಕೋಡಿ ಕಡೆ ಎಲ್ಲಿ ನಿಂತು ತಲೆ ಎತ್ತಿದರೂ ಸಕ್ಕರೆ ಕಾರ್ಖಾನೆಯ ಒಂದು ಚಿಮಣಿ ಕಾಣುತ್ತದೆ, ಅವುಗಳಲ್ಲಿ ಒಂದು ಎಂದುಕೊಳ್ಳಿ. ಅಲ್ಲಿ ಮಾಳು ಇಪ್ಪತ್ತಾರು ಹಂಗಾಮು ಸಕ್ಕರೆ ಕುದಿಸಿದ. ಈಗ ಅವನ ಹೆಸರು ಎತ್ತಿದರೆ ಗೇಟಿನಲ್ಲಿ ಉಗುಳುತ್ತಾರೆ. ಮುಷ್ಕರ ಮುರಿದವನು, ಸಂಘವನ್ನು ಮಾರಿಕೊಂಡವನು ಎನ್ನುತ್ತಾರೆ. ನಮ್ಮ ಕಡೆಯವರಲ್ಲಿ ಅದು ಸುಳ್ಳೆಂದು ತಿಳಿದವರು ಮೂರೇ ಜನ. ಮಾಳು, ಅವನ ಹೆಂಡತಿ ಸುಂದರಾ, ಮತ್ತು ನಾನು. ನಾನು ಅಣ್ಣಾಸಾಬ, ಕಬ್ಬಿನ ಗಾಡಿ ತೂಗುವ ಕಾಟಾದ ಕಾರಕೂನ, ಸಂಘದ ಅಧ್ಯಕ್ಷ. ಮೂವರಲ್ಲಿ ಬಾಯಿ ಬಿಡಬೇಕಾದವನು ನಾನೇ.

ಮಾಳು ದಿಗ್ಗೇವಾಡಿಯ ಕುರಿಗಾರರ ಮನೆಯವನು. ಅವನ ಅಪ್ಪ ಕುರಿ ಹೊಡೆದುಕೊಂಡು ಹೋದರೆ ತಿಂಗಳುಗಟ್ಟಲೆ ಊರ ಕಡೆ ಮುಖ ಹಾಕುತ್ತಿರಲಿಲ್ಲ. ಮಗನಿಗೆ ಆ ತಿರುಗಾಟ ಒಗ್ಗಲಿಲ್ಲ, ಕಾರ್ಖಾನೆಗೆ ಬಂದ. ಮೊದಲ ವರ್ಷ ಕಬ್ಬಿನ ಸಿಪ್ಪೆ ಬಳಿಯುವ ಕೆಲಸ. ಎರಡನೆಯ ವರ್ಷ ಮೂರನೆಯ ಅಂತಸ್ತಿಗೆ ಕುಡಿಯುವ ನೀರು ಒಯ್ಯುತ್ತಿದ್ದವನನ್ನು ಹಳೆಯ ಪ್ಯಾನ್‌ಮನ್ ಬಾಪುಸಾಹೇಬರು ಹಿಡಿದು ನಿಲ್ಲಿಸಿಕೊಂಡರು. ಈ ಹುಡುಗನ ಬೆರಳು ಚೆನ್ನಾಗಿವೆ ಅಂದರಂತೆ. ಬೆರಳಲ್ಲಿ ಏನು ಕಂಡರೋ ಅವರಿಗೇ ಗೊತ್ತು.

ಪ್ಯಾನ್ ಎಂದರೆ ಅಡುಗೆಮನೆಯ ಬಾಣಲೆಯಲ್ಲ. ಎರಡಾಳು ಎತ್ತರದ, ಮೇಲೆ ಮುಚ್ಚಿದ ಕಬ್ಬಿಣದ ಹಂಡೆ. ಕಬ್ಬಿನ ಪಾಕ ಅದರೊಳಗೆ ಉಗಿಗೆ ಕುದಿದು ಹರಳುಗಟ್ಟುತ್ತದೆ. ಹರಳೂ ಪಾಕವೂ ಕೂಡಿದ ಆ ಗಟ್ಟಿ ರಾಡಿಗೆ ನಾವು ಮಾಸ್ ಎನ್ನುತ್ತೇವೆ. ಹದ ಬಂದ ಕೂಡಲೆ ಅದನ್ನು ಕೆಳಗಿನ ತೊಟ್ಟಿಗೆ ಇಳಿಸಬೇಕು. ಹದ ಮೀರಿ ತಣ್ಣಗಾದರೆ ಹಂಡೆಯೊಳಗೇ ಕಲ್ಲಾಗುತ್ತದೆ. ಲ್ಯಾಬಿನವರು ಮಷೀನು ನೋಡಿ ಹೇಳುವ ಹದವನ್ನು ಮಾಳು ಒಂದು ಚೂರು ಮಾಸ್ ಗಾಜಿಗೆ ಬಳಿದು ಬಲ್ಬಿಗೆ ಹಿಡಿದು ಹೇಳುತ್ತಿದ್ದ. ಅದೂ ಬೇಡವೆಂದರೆ ಹೆಬ್ಬೆರಳು, ತೋರುಬೆರಳಿನ ನಡುವೆ ತಿಕ್ಕಿ ಹೇಳುತ್ತಿದ್ದ. ಲ್ಯಾಬಿನವರಿಗೆ ಇದರಿಂದ ಹೊಟ್ಟೆ ಉರಿಯುತ್ತಿತ್ತು.

ಬಾಪುಸಾಹೇಬರು ಪ್ಯಾನ್‌ಮನ್‌ಗಳಲ್ಲಿ ಒಂದು ರೂಢಿ ಹಾಕಿದ್ದರು. ಪಾಳಿ ಮುಗಿದರೂ, ಮುಂದಿನ ಪಾಳಿಯವನು ಬಂದು ವಾಲ್ವಿನ ಗಾಲಿಯ ಮೇಲೆ ಕೈ ಇಡುವ ತನಕ ಹಿಂದಿನವನು ಕೈ ತೆಗೆಯಬಾರದು. ಎರಡೂ ಕೈ ಒಂದು ಕ್ಷಣ ಗಾಲಿಯ ಮೇಲೆ ಕೂಡಬೇಕು, ಆಮೇಲೆ ಒಂದು ಇಳಿಯಬೇಕು. ಅಪ್ಪ ತೀರಿಕೊಂಡ ಸುದ್ದಿ ಬಂದ ದಿನ, ಮುಂದಿನ ಪಾಳಿಯವನ ಬಸ್ಸು ತಡವಾಗಿ, ಮಾಳು ಎರಡು ತಾಸು ಗಾಲಿ ಹಿಡಿದುಕೊಂಡೇ ಅತ್ತಿದ್ದ. ಇದು ಹುಚ್ಚುತನ ಎಂದು ನಾನು ಅವತ್ತೂ ಹೇಳಿದೆ. ಇವತ್ತೂ ಹೇಳುತ್ತೇನೆ. ಆದರೆ ಅಂಥ ಹುಚ್ಚು ನಮ್ಮಲ್ಲಿ ಇನ್ನೊಬ್ಬರಿಗೆ ಇದ್ದಿದ್ದರೆ ಕಥೆ ಬೇರೆ ಆಗುತ್ತಿತ್ತು.

ನಾವೆಲ್ಲ ಸೀಜನಲ್ ಕಾರ್ಮಿಕರು. ಕಬ್ಬು ಮುಗಿಯಿತೆಂದರೆ ನಾವೂ ಮುಗಿದಂತೆ. ದೀಪಾವಳಿ ಹೊತ್ತಿಗೆ ಮತ್ತೆ ಬಾ ಎಂಬ ಪತ್ರ ಬಂದರೆ ಬಂತು, ಬರದಿದ್ದರೆ ಯಾಕೆಂದು ಕೇಳುವ ಹಾಗಿಲ್ಲ. ಬಾಪುಸಾಹೇಬರಿಗೆ ಮೂವತ್ತು ಹಂಗಾಮು ಆದಮೇಲೆ ಒಂದು ವರ್ಷ ಆ ಪತ್ರ ಬರಲಿಲ್ಲ. ಪಾಪ, ಆ ಮನುಷ್ಯ ಟಪಾಲು ತಪ್ಪಿರಬೇಕೆಂದು ಒಂದು ವಾರ ದಿನಾ ಇಸ್ತ್ರಿ ಅಂಗಿ ಹಾಕಿಕೊಂಡು ಬಂದು ಗೇಟಿನ ಹೊರಗೆ ಕೂತರು. ಒಳಗಿನಿಂದ ಯಾರೂ ಬಂದು ಒಂದು ಮಾತು ಹೇಳಲಿಲ್ಲ. ಎಂಟನೆಯ ದಿನ ಅವರು ಬರಲಿಲ್ಲ. ಆವತ್ತು ಮಾಳು ಪಾಳಿ ಮುಗಿಸಿ ನೇರ ನನ್ನ ಕಾಟಾಕ್ಕೆ ಬಂದ.

"ಅಣ್ಣಾಸಾಬ, ಸಂಘ ಕಟ್ಟೂನು. ನಿನಗ ಅರ್ಜಿ ಬರ್ಯಾಕ ಬರತೈತಿ. ಮಂದೀನ ನಾ ತರ್ತೇನಿ."

ತಂದ. ಅವನಿಗೆ ಭಾಷಣ ಬರುತ್ತಿರಲಿಲ್ಲ. ವಾರದ ರಜೆಯ ದಿನ ಹಳೆಯ ಮೋಟರ್ ಸೈಕಲ್ ಏರಿ ಹಾರೂಗೇರಿಯಿಂದ ಯಡೂರಿನ ತನಕ ಒಬ್ಬೊಬ್ಬರ ಮನೆಗೆ ಹೋಗುತ್ತಿದ್ದ. ಅಲ್ಲಿ ಕೂತು ಚಹಾ ಕುಡಿದು, ಎಮ್ಮೆ ಎಷ್ಟು ಹಾಲು ಕೊಡುತ್ತದೆಂದು ಕೇಳಿ, ಏಳುವಾಗ ಬಾಪುಸಾಹೇಬರು ಗೇಟಿನಲ್ಲಿ ಕೂತದ್ದನ್ನು ಹೇಳಿ ಸಹಿ ಕೇಳುತ್ತಿದ್ದ. ಅಷ್ಟೇ. ಎರಡು ವರ್ಷದಲ್ಲಿ ನೂರ ಹನ್ನೆರಡು ಸಹಿ ಆದವು. ನೋಂದಣಿ ಆಯಿತು. ಅವನು ಯಾವ ಹುದ್ದೆಯನ್ನೂ ಬೇಡ ಅಂದ, ಅಧ್ಯಕ್ಷನಾದವನು ನಾನು. ಬೇಡಿಕೆ ಒಂದೇ ಇತ್ತು: ನೂರ ಹನ್ನೆರಡು ಜನರನ್ನೂ ಕಾಯಂ ಮಾಡಬೇಕು, ಪತ್ರದ ದಾರಿ ಕಾಯುವುದು ನಿಲ್ಲಬೇಕು. ಮೂರು ಸಲ ಮಾತುಕತೆಗೆ ಕರೆದು ಮೂರು ಸಲವೂ ಚಹಾ ಕುಡಿಸಿ ಕಳಿಸಿದರು. ಕಳೆದ ವರ್ಷದ ಹಂಗಾಮಿನಲ್ಲಿ, ಜನವರಿ ತಿಂಗಳು, ಮುಷ್ಕರದ ನೋಟಿಸು ಕೊಟ್ಟೆವು.

ಮುಷ್ಕರದ ದಿನ ಮಧ್ಯಾಹ್ನ ಎರಡು ಗಂಟೆಗೆ ಪಾಳಿ ಬದಲಾಗುವಾಗ ಎಲ್ಲರೂ ಹೊರಗೆ ಬರುವುದೆಂದು ನಿರ್ಧಾರವಾಗಿತ್ತು. ಬೆಳಿಗ್ಗೆಯಿಂದಲೇ ಕಬ್ಬು ಅರೆಯುವುದನ್ನು ಕಡಿಮೆ ಮಾಡುತ್ತ ಬಂದು ಪ್ಯಾನ್‌ಗಳನ್ನು ಖಾಲಿ ಇಡಬೇಕೆಂದು ಮೊದಲೇ ಬರೆದು ಕೊಟ್ಟಿದ್ದೆವು. ಮೇಲಿನವರು ಆಗಲಿ ಅಂದರು. ಹಾಗೆ ಅಂದವರೇ ಹನ್ನೊಂದು ಗಂಟೆಗೆ ಮೂರನೆಯ ಪ್ಯಾನ್‌ಗೆ ಮತ್ತೆ ಪಾಕ ಬಿಡಿಸಿದರು. ಎರಡು ಗಂಟೆಗೆ ಬೆಳಗಿನ ಪಾಳಿಯ ಪ್ಯಾನ್‌ಮನ್ ಎಲ್ಲರ ಜೊತೆ ಘೋಷಣೆ ಕೂಗುತ್ತ ಹೊರಗೆ ಬಂದ. ಅವನು ಬಾಪುಸಾಹೇಬರನ್ನು ಕಂಡವನಲ್ಲ. ಮೂರನೆಯದು ತುಂಬಿದೆ, ಇದ್ದ ಹಾಗೇ ಬಿಟ್ಟು ಬಂದೆ ಎಂದು ನಗುತ್ತ ಹೇಳಿದ. ಎರಡು ಗಂಟೆಯ ಪಾಳಿ ಮಾಳುವಿನದು. ಅವನು ಬೆಳಿಗ್ಗೆಯಿಂದ ಗೇಟಿನ ಹೊರಗಿನ ಪೆಂಡಾಲಿನಲ್ಲಿ ನನ್ನ ಪಕ್ಕ ಕೂತಿದ್ದ. ಆ ಮಾತು ಕೇಳಿದ್ದೇ ಅವನ ಮುಖ ಸಪ್ಪಗಾಯಿತು. ನನ್ನನ್ನು ಚಹಾದ ಅಂಗಡಿಯ ಹಿಂದಕ್ಕೆ ಕರೆದುಕೊಂಡು ಹೋದ.

"ಅಣ್ಣಾಸಾಬ, ಮೂರನೇದು ತುಂಬೈತಿ."

"ಇರವಲ್ಲದ್ಯಾಕ ಮಾಳಣ್ಣಾ. ಅವರಽ ತುಂಬ್ಯಾರ, ಅವರಽ ನೋಡ್ಕೋತಾರ."

"ಅವರಿಗೇನ್ ಗೊತ್ತಾಗತೈತಿ? ಸಂಜಿಮಟಾ ಬಿಟ್ರ ಕಲ್ಲ ಆಗತೈತಿ. ನಾಳೆ ಹಾರಿ ತಗೊಂಡ ಒಳಗ ಇಳ್ಯಾವರ ಯಾರ? ನಮ್ಮ ಮಂದೀನಽ. ತುಕಾರಾಮನ ಕೈ ಮರತೇನ?"

ಮರೆತಿರಲಿಲ್ಲ. ಆರು ವರ್ಷದ ಹಿಂದೆ ಒಂದು ಪ್ಯಾನ್ ಹೀಗೆ ಕಲ್ಲಾದಾಗ ನಮ್ಮವರನ್ನೇ ಒಳಗೆ ಇಳಿಸಿದ್ದರು. ನಾಲ್ಕು ದಿನ ಹಾರೆಯಿಂದ ಅಗೆದಿದ್ದರು. ಒಳಗೆ ಎಲ್ಲೋ ಉಳಿದಿದ್ದ ಬಿಸಿ ಮಾಸ್ ಸಿಡಿದು ತುಕಾರಾಮನ ಬಲಗೈಯ ಚರ್ಮ ಮೊಣಕೈ ತನಕ ಸುಲಿದು ಹೋಗಿತ್ತು. ಮಾಳು ಹೇಳಿದ್ದು ನಿಜ. ಆದರೆ ಅವನ ಕಣ್ಣಲ್ಲಿ ಇನ್ನೊಂದೂ ಇತ್ತು. ಅದು ಅವನ ಪಾಳಿಯ ಪ್ಯಾನ್, ಗಾಲಿಯ ಮೇಲೆ ಯಾರ ಕೈಯೂ ಇರಲಿಲ್ಲ.

"ಎಷ್ಟ ಹೊತ್ತ ಬೇಕು?" ಎಂದೆ.

"ಅರ್ಧಾ ತಾಸ. ಮಾಸ್ ಕೆಳಗ ಬಿಟ್ಟ, ಒಳಗ ಉಗಿ ಹೊಡದ ಬರ್ತೇನಿ. ನೀ ಹೂಂ ಅಂದ್ರ ಹೋಗ್ತೇನಿ. ಬ್ಯಾಡಂದ್ರ ಇಲ್ಲೇ ಕುಂಡರ್ತೇನಿ, ಆತಿಲ್ಲ?"

ನಾನು ಕಮಿಟಿಯ ಉಳಿದವರನ್ನು ಕೇಳಬೇಕಿತ್ತು. ಕೇಳಿದರೆ ವಾದ ಆಗುತ್ತದೆ, ಹೊತ್ತು ಹೋಗುತ್ತದೆ ಅನಿಸಿತು. ಅಧ್ಯಕ್ಷನೆಂಬ ಠೀವಿಯೂ ಸ್ವಲ್ಪ ಇತ್ತು. "ಹೋಗು. ಲಗೂ ಬಾ. ಹಿಂದಿನ ಗೇಟಿಂದ ಹೋಗು, ಮಂದಿ ನೋಡೂದ ಬ್ಯಾಡ," ಎಂದೆ. ಹಿಂದಿನ ಗೇಟಿನ ಮಾತು ಅವನದಲ್ಲ, ನನ್ನದು. ಕದ್ದು ಹೋದ ಎಂದು ಈಗ ಎಲ್ಲರೂ ಆಡಿಕೊಳ್ಳುತ್ತಾರಲ್ಲ, ಆ ಕದಿಯುವ ದಾರಿ ತೋರಿಸಿದವನು ನಾನು.

ಹಿಂದಿನ ಗೇಟಿನಲ್ಲಿ ಲೇಬರ್ ಆಫೀಸರ್ ವಿಕ್ರಾಂತ ಕುರ್ಚಿ ಹಾಕಿಕೊಂಡು ಕೂತಿದ್ದನಂತೆ. ಇಂಥವನೊಬ್ಬ ಬಂದೇ ಬರುತ್ತಾನೆಂದು ಅವನಿಗೆ ಗೊತ್ತಿತ್ತು. ಪಾಕ ಬಿಡಿಸಿದ್ದೇ ಅದಕ್ಕೆ. ಬಹಳ ಮರ್ಯಾದೆಯಿಂದ ಎದ್ದು ನಿಂತು, "ಬರ್ರಿ ಮಾಳಣ್ಣ. ಒಳಗ ಏನರ ಆದ್ರ ವಿಮಾ ಸಿಗಬೇಕಲ್ರಿ, ಇಲ್ಲೊಂದು ಸಹಿ ಮಾಡಿ ಹೋಗ್ರಿ," ಎಂದು ಹಾಜರಿ ಪುಸ್ತಕ ಮುಂದಿಟ್ಟ. ಮಾಳು ಸಹಿ ಮಾಡಿದ. ಇಪ್ಪತ್ತಾರು ವರ್ಷ ಒಳಗೆ ಹೋಗುವಾಗ ಸಹಿ ಮಾಡಿದ ಕೈ ಅದು, ಯಾಕೆಂದು ಕೇಳಲಿಲ್ಲ.

ಮೂರು ಗಂಟೆಗೆ ಮಾಳು ತಿರುಗಿ ಬಂದು ನನ್ನ ಪಕ್ಕ ಕೂತ. ಅಂಗಿ ಬೆವರಿಗೆ ಮೈಗಂಟಿತ್ತು. ಬೆರಳು ಬೆರಳಿಗೆ ತಿಕ್ಕುತ್ತ ನನಗಷ್ಟೇ ಕೇಳುವ ಹಾಗೆ, "ದಾಣಿ ಭಾಳ ಛಲೋ ಬಂದಿತ್ತು," ಎಂದ. ಹರಳು ಚೆನ್ನಾಗಿ ಬಂದಿದ್ದವು ಎಂದು. ಮುಷ್ಕರ ಹೂಡಿ ಕೂತಿದ್ದೇವೆ, ಈ ಮನುಷ್ಯ ಮಾಲಕರ ಸಕ್ಕರೆ ಚೆನ್ನಾಗಿ ಬಂತೆಂದು ಖುಷಿಪಡುತ್ತಿದ್ದಾನೆ. ನನಗೆ ನಗು ಬಂತು. ಆ ನಗು ಮುಗಿಯುವ ಮೊದಲೇ ಎಲ್ಲರ ಫೋನುಗಳೂ ಒಟ್ಟಿಗೆ ಸದ್ದು ಮಾಡಿದವು.

ಆಫೀಸಿನಿಂದ ಎರಡು ಫೋಟೋ ಬಂದಿದ್ದವು. ಒಂದರಲ್ಲಿ ಮಾಳು ಗಾಲಿಯ ಮೇಲೆ ಕೈ ಇಟ್ಟು ನಿಂತಿದ್ದ. ಇನ್ನೊಂದರಲ್ಲಿ ಹಾಜರಿ ಪುಸ್ತಕದ ಹಾಳೆ, ಅವನ ಸಹಿ, ಆವತ್ತಿನ ತಾರೀಖು. ಕೆಳಗೆ, "ಸಂಘದ ಹಿರಿಯರಾದ ಮಾಳೇಶ ಪೂಜಾರಿಯವರು ಕೆಲಸಕ್ಕೆ ಹಾಜರಾಗಿದ್ದಾರೆ. ಉಳಿದವರೂ ಇಂದೇ ಹಾಜರಾದರೆ ಯಾವ ಕ್ರಮವೂ ಇರುವುದಿಲ್ಲ" ಎಂದಿತ್ತು.

ಮೊದಲು ಎದ್ದವನು ತುಕಾರಾಮ. ಆ ಸುಟ್ಟ ಕೈಯಿಂದಲೇ ಮಾಳುವಿನ ಕೊರಳಪಟ್ಟಿ ಹಿಡಿದ.

"ಒಳಗ ಹೋಗಿದ್ದೇನಲೇ?"

"ಹೋಗಿದ್ದೆ."

"ಯಾರನ್ನ ಕೇಳಿ ಹೋದಿ?"

ಮಾಳು ನನ್ನ ಕಡೆ ನೋಡಿದ. ಸುತ್ತಲೂ ನೂರು ಜನ, ಕೆಲವರ ಕೈಯಲ್ಲಿ ಆಗಲೇ ಧ್ವಜದ ಬಡಿಗೆ ಎದ್ದಿದ್ದವು. ನಾನೇ ಕಳಿಸಿದೆ ಎಂಬ ಎರಡು ಶಬ್ದ ಸಾಕಾಗಿತ್ತು. ನಾನು ತಲೆ ತಗ್ಗಿಸಿ ಫೋನಿನೊಳಗಿನ ಫೋಟೋ ನೋಡುತ್ತ ನಿಂತೆ, ಅದನ್ನು ಮೊದಲ ಸಲ ನೋಡುವವನ ಹಾಗೆ.

"ಯಾರನ್ನೂ ಕೇಳಲಿಲ್ಲ," ಎಂದ ಮಾಳು. "ನನಗಽ ಅನಿಸ್ತು, ಹೋದೆ."

ಹೊಡೆದರು. ಬಹಳ ಹೊಡೆಯಲಿಲ್ಲ, ಹಿರಿಯನೆಂದು ಬಿಟ್ಟರು. ನಾನು ನಡುವೆ ಬಿದ್ದು ಬಿಡಿಸಿದೆ. ಅಧ್ಯಕ್ಷರು ದೊಡ್ಡ ಮನಸ್ಸಿನವರು ಎಂದು ಆಮೇಲೆ ಯಾರೋ ಅಂದರು. ಸಿಟ್ಟು ಇಳಿಯಲಿ, ನಾಳೆ ಹೇಳೋಣ ಎಂದುಕೊಂಡೆ. ಆದರೆ ಆ ಸಂಜೆಯೇ ನಲವತ್ತು ಜನ ಹಿಂದಿನ ಗೇಟಿನಿಂದ ಒಳಗೆ ಹೋದರು. ಮಾಳುವೇ ಹೋಗಿದ್ದಾನೆ, ನಾವು ಯಾವ ಲೆಕ್ಕ ಎಂಬುದು ಅವರ ಮಾತು. ಮೂರನೆಯ ದಿನ ಪೆಂಡಾಲಿನಲ್ಲಿ ಉಳಿದವರು ಒಂಬತ್ತು ಮಂದಿ. ನಾಲ್ಕನೆಯ ದಿನ ನಾನೇ ಹೋಗಿ ಮುಷ್ಕರ ಹಿಂದಕ್ಕೆ ಪಡೆದ ಕಾಗದಕ್ಕೆ ಸಹಿ ಹಾಕಿದೆ. ಇನ್ನು ಹೇಳಿದರೆ ನನ್ನ ಚರ್ಮ ಉಳಿಯುತ್ತಿರಲಿಲ್ಲ. ಹೆದರಿದೆ. ಇದಕ್ಕೆ ಬೇರೆ ಚಂದದ ಹೆಸರಿಲ್ಲ.

ಮುಂದಿನ ತಿಂಗಳು ಹನ್ನೊಂದು ಜನರನ್ನು ಕಾಯಂ ಮಾಡಿದ ಪಟ್ಟಿ ಬೋರ್ಡಿಗೆ ಬಿತ್ತು. ಮೊದಲ ಹೆಸರು ಮಾಳೇಶ ಪೂಜಾರಿ. ನಾಲ್ಕನೆಯದು ನನ್ನದು. ಮೊದಲ ಹೆಸರು ಯಾಕೆ ಬಂತೆಂದು ಯಾರೂ ಕೇಳಬೇಕಾಗಿರಲಿಲ್ಲ, ಮಾರಿಕೊಂಡದ್ದಕ್ಕೆ ಬೆಲೆ ಸಿಕ್ಕಿತು ಎಂದರು. ನನ್ನ ಹೆಸರನ್ನು ಯಾರೂ ಆಡಿಕೊಳ್ಳಲಿಲ್ಲ. ಓದುಬರಹದವನು, ಕಾಟಾದವನು, ಬೇಕಾಗುತ್ತಾನೆ ಎಂದರು. ಮಾಳು ಆ ಆದೇಶ ತೆಗೆದುಕೊಂಡು ಆಫೀಸಿಗೆ ಹೋಗಿ ಮೇಜಿನ ಮೇಲಿಟ್ಟು, "ನಂದ ತಗೀರಿ, ತುಕಾರಾಮನ ಹೆಸರ ಹಾಕ್ರಿ," ಎಂದನಂತೆ. ಹಾಗೆಲ್ಲ ಬದಲಿ ಮಾಡಲು ಬರುವುದಿಲ್ಲ ಎಂದರು. ಹಾಗಿದ್ದರೆ ನನಗೂ ಬೇಡ ಎಂದು ಬರೆದು ಕೊಟ್ಟು, ಕೆಲಸವನ್ನೇ ಬಿಟ್ಟು ಇಳಿದು ಹೋದ. ಇದನ್ನು ನನಗೆ ಹೇಳಿದ್ದು ವಿಕ್ರಾಂತ, ಹೊಟ್ಟೆ ಹಿಡಿದುಕೊಂಡು ನಗುತ್ತ. ಸಂಘದವರು ಮಾತ್ರ ಹೊರಗೇ ಏನೋ ದೊಡ್ಡದು ಸಿಕ್ಕಿರಬೇಕು, ಅದಕ್ಕೇ ಬಿಟ್ಟ ಎಂದರು. ತುಕಾರಾಮ ಎಲ್ಲರಿಗಿಂತ ಜೋರಾಗಿ ಅಂದ. ಮಾಳುವನ್ನು ಸಂಘದಿಂದ ತೆಗೆದ ಠರಾವನ್ನು ನಾನೇ ನನ್ನ ಒಳ್ಳೆಯ ಅಕ್ಷರದಲ್ಲಿ ಬರೆದೆ. ಆ ವಾರವೇ ನಾನು ಕಾಯಂ ಆದೇಶಕ್ಕೂ ಸಹಿ ಹಾಕಿದೆ.

ಮೇ ತಿಂಗಳಲ್ಲಿ ಮಾಳುವಿನ ಮಗಳು ಸೋನಾಲಿಯ ಮದುವೆ ಇತ್ತು. ಮನೆಮನೆಗೆ ಹೋಗಿ ಕಾರ್ಡು ಕೊಟ್ಟಿದ್ದ. ನನಗೂ ಕೊಟ್ಟಿದ್ದ. ನಾನು ಆ ದಿನ ನಿಪ್ಪಾಣಿಗೆ ಒಂದು ಸುಳ್ಳು ಕೆಲಸ ಹುಡುಕಿಕೊಂಡು ಹೋದೆ.

ಈ ಸಲ ಹಂಗಾಮು ಶುರುವಾದ ಮೇಲೆ ಒಂದು ರವಿವಾರ ಅವನನ್ನು ನೋಡಲು ಹೋದೆ. ಯಾಕೆ ಅಷ್ಟು ದಿನ ಹೋಗಲಿಲ್ಲ, ಯಾಕೆ ಆ ದಿನವೇ ಹೋದೆ ಎಂದು ಕೇಳಿದರೆ ಹೇಳಲು ಬರುವುದಿಲ್ಲ. ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ, ಇಳಿಯುತ್ತಿತ್ತು. ಮಾಳು ನದಿಯ ಕಡೆಯ ಒಂದು ಬೆಲ್ಲದ ಗಾಣದಲ್ಲಿ ಪಾಕ ಕಾಯಿಸುವ ಕೆಲಸಕ್ಕಿದ್ದ. ತೆರೆದ ಕೊಪ್ಪರಿಗೆ, ಹೊಗೆ, ನೊಣ. ಸುಂದರಾ ಬುತ್ತಿ ತಂದು ಬದಿಯಲ್ಲಿ ಕೂತಿದ್ದಳು. ನನ್ನನ್ನು ನೋಡಿ ಎದ್ದಳು, ಬರ್ರಿ ಅನ್ನಲಿಲ್ಲ.

"ಮಾಳಣ್ಣಾ, ಮುಂದಿನ ಐತಾರ ಜನರಲ್ ಸಭಾ ಐತಿ," ಎಂದೆ. "ಎಲ್ಲಾರ ಮುಂದ ಹೇಳಿಬಿಡ್ತೇನಿ. ನಾನಽ ಕಳಿಸಿದ್ದೆ ಅಂತ ಹೇಳ್ತೇನಿ."

ಅವನು ಕೊಪ್ಪರಿಗೆಯಿಂದ ಕಣ್ಣು ತೆಗೆಯಲಿಲ್ಲ. ಸೌಟಿನ ತುದಿಯ ಪಾಕವನ್ನು ನೀರಿಗೆ ಹಾಕಿ ಬೆರಳಲ್ಲಿ ಹಿಡಿದು ನೋಡಿ, ಇನ್ನೂ ಸ್ವಲ್ಪ ಉರಿ ಹಾಕು ಎಂದು ಒಲೆಯವನಿಗೆ ಸನ್ನೆ ಮಾಡಿದ. ಆಮೇಲೆ ಅಂದ:

"ಈಗ ಹೇಳಿ ಏನ್ ಮಾಡ್ತಿ? ನೂರಾಒಂದ ಮಂದಿ ಇನ್ನೂ ಹಂಗ ಅದಾರ. ಅಧ್ಯಕ್ಷನಽ ಕಳಿಸ್ಯಾನ ಅಂತ ತಿಳೀತಂದ್ರ ಸಂಘ ಒಂದ ದಿನ ಉಳ್ಯಂಗಿಲ್ಲ. ನಾ ಹೆಂಗೂ ಹೋಗೇನಿ. ಇರ್ಲಿ ಬಿಡು."

"ನಿಮಗ ಇರ್ಲಿ," ಎಂದಳು ಸುಂದರಾ. "ನಾಕನೂರ ಮಂದಿಗೆ ಅಡಗಿ ಮಾಡ್ಸಿದ್ವಿ ಅಣ್ಣಾಸಾಬ್ರ. ಬಂದಾವರ ನಲವತ್ತ ಮಂದಿ. ಉಳದದ್ದ ಹುಗ್ಗಿ ದನಕ್ಕ ಹಾಕಿದ್ವಿ. ಬೀಗರ ಎದರಿಗೆ ಇವರು ಕೈ ಕಟಗೊಂಡ ನಿಂತಿದ್ರು. ನನ್ನ ಮಗಳಿಗೆ ಅತ್ತಿಮನ್ಯಾಗ ಇವತ್ತಿಗೂ ಅಂತಾರ, ನಿಮ್ಮಪ್ಪ ಏನ್ ಮಾಡ್ಯಾನ ಅಂತ ಊರಾಗ ಯಾರೂ ಬರ್ಲಿಲ್ಲ ಅಂತ."

"ವೈನಿ..." ಎಂದೆ, ಅತ್ತಿಗೆ ಎಂದು ಯಾವಾಗಲೂ ಕರೆಯುತ್ತಿದ್ದ ಹಾಗೆ.

"ವೈನಿ ಅನಬ್ಯಾಡ್ರಿ. ಇವರು ಬ್ಯಾಡ ಅಂತಾರ. ಇವರು ಬ್ಯಾಡ ಅಂತಾರಂತ ಗೊತ್ತಿದ್ದಽ ನೀವು ಕೇಳಾಕ ಬಂದೀರಿ."

ಮಾಳು ಅವಳಿಗೆ ಸುಮ್ಮನಿರೆಂದು ಕೈ ಮಾಡಿದ. ಪಾಕ ಹದಕ್ಕೆ ಬಂದಿತ್ತು, ನಾಲ್ಕು ಜನ ಕೊಪ್ಪರಿಗೆ ಎತ್ತಲು ಬಂದರು. ನಾನು ಅಡ್ಡವಾಗಿದ್ದೆ, ಸರಿದು ನಿಂತೆ. ಮನೆಗೆ ಬರುವಾಗ ಗಾಡಿಯ ಮೇಲೆ ನನಗೆ ಹಗುರವಾಗಿತ್ತು. ಅದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಹಗುರವಾಗಿತ್ತು.

ಸಭೆ ಹಾರೂಗೇರಿಯ ಒಂದು ಮಂಗಲ ಕಾರ್ಯಾಲಯದಲ್ಲಿ ನಡೆಯಿತು. ಮತ್ತೆ ಮುಷ್ಕರದ ನೋಟಿಸು ಕೊಡಬೇಕೆಂಬುದು ವಿಷಯ. ಮಾಳುವಿನ ಜಾಗಕ್ಕೆ ಬಂದಿದ್ದ ಪ್ಯಾನ್‌ಮನ್, ಹೆಸರು ಭಾವುಸಾಹೇಬ, ಹಿಂದಿನ ಸಾಲಿನಲ್ಲಿ ಎದ್ದು ನಿಂತ. ಕೆಲಸ ಚೆನ್ನಾಗಿ ಬಲ್ಲವನು.

"ಅಧ್ಯಕ್ಷರ, ಒಂದ ಮಾತ ಕೇಳ್ತೇನ್ರಿ. ನಾವು ಹೊರಗ ಬರೂ ಹೊತ್ತಿನ್ಯಾಗ ಪ್ಯಾನ್ ತುಂಬಿದ್ರ ಏನ್ ಮಾಡೂದ್ರಿ? ಇಳಿಸಿ ಬರೂದೋ, ಹಂಗ ಬಿಟ್ಟ ಬರೂದೋ?"

"ಏ, ಆ ಮಾಳ್ಯಾನ ಕತಿ ನಿನಗ ಗೊತ್ತಿಲ್ಲೇನ?" ಎಂದು ತುಕಾರಾಮ ಕೂಗಿದ. ಜನ ನಕ್ಕರು. ಆಮೇಲೆ ಎಲ್ಲರೂ ನನ್ನ ಕಡೆ ತಿರುಗಿದರು. ಹುಡುಕಿದರೂ ಅದಕ್ಕಿಂತ ಒಳ್ಳೆಯ ಸಮಯ ಸಿಗುತ್ತಿರಲಿಲ್ಲ. ಭಾವುಸಾಹೇಬ ಇನ್ನೂ ನಿಂತೇ ಇದ್ದ, ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದ.

ನಾನು ಎದ್ದು ಮೈಕ್ ಹತ್ತಿರ ಹೋದೆ.

"ಮುಷ್ಕರ ಅಂದಮ್ಯಾಗ ಯಾರೂ ಒಳಗ ಹೋಗೂದಿಲ್ಲ," ಎಂದೆ. "ಯಾವ ಕಾರಣಕ್ಕೂ ಹೋಗೂದಿಲ್ಲ. ಹೋದಾಂವ ನಮ್ಮಾಂವ ಅಲ್ಲ."

ಬಹಳ ಹೊತ್ತು ಚಪ್ಪಾಳೆ ಹೊಡೆದರು. ನಾನು ಬಂದು ಕೂತು, ಆ ಮಾತನ್ನು ನಡಾವಳಿ ಪುಸ್ತಕದಲ್ಲಿ ಬರೆದೆ.